ಕರ್ಮವೀರ ಭಾವುರಾವ್ ಪಾಟೀಲರ ಬೋರ್ಡಿಂಗ್ ದಿನಗಳು

ಸಾಂಗಲಿ, ಕೊಲ್ಹಾಪುರ, ಸಾತಾರಾ ಭಾಗದಲ್ಲಿ ಕರ್ಮವೀರ ಭಾವುರಾವ್ ಪಾಟೀಲರ ಹೆಸರು ಕೇಳದ ಜೈನರ ಮನೆ ಇರಲಾರದು. ಗಡಿಗೆ ಹತ್ತಿರವಿರುವ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯವರಿಗೂ ಅವರು ಪರಿಚಿತರೇ. ಆದರೆ ಹಾಸನ, ಮೈಸೂರು, ಕರಾವಳಿಯ ಶ್ರಾವಕ ಬಂಧುಗಳಿಗೆ ಅವರ ವಿಷಯ ಹೆಚ್ಚು ತಿಳಿದಿಲ್ಲ. ಪಾಟೀಲರ ಪೂರ್ವಜರು ಮೂಡುಬಿದಿರೆ ಕಡೆಯಿಂದ ಉತ್ತರಕ್ಕೆ ಹೋಗಿ ನೆಲೆಸಿದವರು ಎಂಬುದನ್ನು ನೋಡಿದರೆ ಇದು ಸ್ವಲ್ಪ ವಿಚಿತ್ರವೇ.

ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ ಹಳ್ಳಿಹಳ್ಳಿಗೆ ಶಾಲೆ ಕೊಟ್ಟವರು, ಪದ್ಮಭೂಷಣ ಪಡೆದವರು ಎಂದು ಅವರನ್ನು ಎಲ್ಲರೂ ಸ್ಮರಿಸುತ್ತಾರೆ. ಅವರು ಸ್ವತಃ ಎಂಥ ವಿದ್ಯಾರ್ಥಿಯಾಗಿದ್ದರು, ವಿದ್ಯಾರ್ಥಿ ನಿಲಯದಲ್ಲಿ ಏನು ಅನುಭವಿಸಿದರು, ಮುಂದೆ ತಮ್ಮ ಮನೆಯನ್ನೇ ಹೇಗೆ ವಿದ್ಯಾರ್ಥಿಗಳ ಮನೆ ಮಾಡಿದರು ಎಂಬ ಭಾಗವನ್ನು ಮಾತ್ರ ಎರಡು ಸಾಲಿನಲ್ಲಿ ಹೇಳಿ ಮುಗಿಸುವುದೇ ಹೆಚ್ಚು. ಸಾವಿರಾರು ಮಕ್ಕಳನ್ನು ಕಾಲೇಜು ಮೆಟ್ಟಿಲು ಹತ್ತಿಸಿದ ಈ ಮನುಷ್ಯ ಮೆಟ್ರಿಕ್ ಕೂಡ ಮುಟ್ಟಿದವರಲ್ಲ. ಅವರ ಓದು ನಿಂತದ್ದು ಇಂಗ್ಲಿಷ್ ಆರನೆಯ ಇಯತ್ತೆಯಲ್ಲಿ.

ಭಾವುರಾವ್ ಹುಟ್ಟಿದ್ದು 1887ರ ಸಪ್ಟೆಂಬರ್ 22ರಂದು, ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ. ಬಾಹುಬಲಿ ಬೆಟ್ಟದ ಯಾತ್ರೆ ಮಾಡಿದವರಿಗೆ ಈ ಊರನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಬೆಟ್ಟವನ್ನು ಜನ ಕರೆಯುವುದೇ ಕುಂಭೋಜ ಬಾಹುಬಲಿ ಎಂದು. ತಂದೆ ಪಾಯಗೊಂಡ ಪಾಟೀಲರು ಕಂದಾಯ ಇಲಾಖೆಯಲ್ಲಿ ಗುಮಾಸ್ತರು. ತಾಯಿ ಗಂಗಾಬಾಯಿ. ಮನೆತನದ ಊರು ವಾಳವಾ ತಾಲೂಕಿನ ಐತವಡೆ ಬುದ್ರುಕ. ತಂದೆಗೆ ಆಗಾಗ ವರ್ಗವಾಗುತ್ತಿದ್ದುದರಿಂದ ಹುಡುಗನ ಶಾಲೆಯೂ ಊರಿಂದೂರಿಗೆ ಬದಲಾಗುತ್ತಿತ್ತು. ಸರಕಾರಿ ನೌಕರರ ಮಕ್ಕಳಿಗೆ ಇದು ಇಂದಿಗೂ ತಪ್ಪಿದ್ದಲ್ಲ. ಒಂದು ಊರಿನಲ್ಲಿ ಗೆಳೆಯರಾಗುವ ಹೊತ್ತಿಗೆ ಗಂಟುಮೂಟೆ ಕಟ್ಟಬೇಕು.

ಮನೆಯ ಆಚರಣೆ ಕಟ್ಟುನಿಟ್ಟು. ಗಾಳಿಸಿದ ನೀರು, ಸೂರ್ಯ ಮುಳುಗುವ ಮೊದಲು ಊಟ, ಚಾತುರ್ಮಾಸದ ನೇಮಗಳು, ಇವೆಲ್ಲ ಆ ಕಾಲದ ದಿಗಂಬರ ಜೈನ ಕುಟುಂಬದಲ್ಲಿ ಹೇಗಿರಬೇಕೋ ಹಾಗೆಯೇ ಇದ್ದವು. ಹುಡುಗ ಮಾತ್ರ ಮೈಕಟ್ಟಿನಲ್ಲೂ ಸ್ವಭಾವದಲ್ಲೂ ಗಟ್ಟಿಗ. ಕುಸ್ತಿ, ಈಜು ಎಂದರೆ ಪ್ರಾಣ. ಒಂದು ಸಲ ಸಾರ್ವಜನಿಕ ಬಾವಿಯ ಬಳಿ ಅಸ್ಪೃಶ್ಯರೆಂದು ಕರೆಯಲಾಗುತ್ತಿದ್ದ ಜನ ಯಾರಾದರೂ ನೀರು ಹಾಕಲಿ ಎಂದು ಬಿಸಿಲಲ್ಲಿ ಕಾಯುತ್ತಿದ್ದುದನ್ನು ಕಂಡು, ಬಾವಿಯ ರಾಟೆಯನ್ನೇ ಮುರಿದು ಹಾಕಿದ ಪ್ರಸಂಗ ಪ್ರಸಿದ್ಧ. ಅವರಿಗೆ ಸಿಗದ ನೀರು ಯಾರಿಗೂ ಬೇಡ ಎಂಬ ಹುಡುಗಾಟದ ನ್ಯಾಯ ಅದು. ತಂದೆಯವರಿಗೆ ಊರಿನ ಹಿರಿಯರ ಮುಂದೆ ಎಷ್ಟು ಮುಜುಗರವಾಗಿರಬೇಕು ಎಂಬುದನ್ನು ಊಹಿಸಬಹುದು.

1902ರಲ್ಲಿ ಹೆಚ್ಚಿನ ಓದಿಗಾಗಿ ಭಾವುರಾವ್ ಅವರನ್ನು ಕೊಲ್ಹಾಪುರದ ರಾಜಾರಾಮ್ ಹೈಸ್ಕೂಲಿಗೆ ಸೇರಿಸಲಾಯಿತು. ಉಳಿದುಕೊಂಡದ್ದು ಅಲ್ಲಿಯ ದಿಗಂಬರ ಜೈನ ಬೋರ್ಡಿಂಗಿನಲ್ಲಿ.

ಈ ಬೋರ್ಡಿಂಗಿನ ಮಹತ್ವ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1899ರಲ್ಲಿ ನಿಪ್ಪಾಣಿ ಹತ್ತಿರದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪನೆಯಾಯಿತು. ಇಂದು ದಕ್ಷಿಣ ಭಾರತ ಜೈನ ಸಭೆ ಎಂದು ಕರೆಯುವುದು ಇದನ್ನೇ. ಈ ಭಾಗದ ಜೈನರು ಬಹುಮಟ್ಟಿಗೆ ಒಕ್ಕಲುತನದವರು. ಹೊಲವಿತ್ತು, ಎತ್ತು ಇದ್ದವು, ಅಕ್ಷರ ಇರಲಿಲ್ಲ. ಮಗನನ್ನು ಊರು ಬಿಡಿಸಿ ಶಹರಕ್ಕೆ ಕಳಿಸಿದರೆ ಖಾನಾವಳಿಯಲ್ಲಿ ಏನು ಉಣ್ಣುತ್ತಾನೋ, ರಾತ್ರಿ ಊಟ ಮಾಡುತ್ತಾನೋ, ಧರ್ಮ ಬಿಡುತ್ತಾನೋ ಎಂಬ ಭಯ ತಾಯಂದಿರಿಗೆ. ಈ ಭಯವೇ ಎಷ್ಟೋ ಹುಡುಗರನ್ನು ನಾಲ್ಕನೆಯ ಇಯತ್ತೆಗೆ ಮನೆಯಲ್ಲಿ ಕೂರಿಸಿತ್ತು. ಬೋರ್ಡಿಂಗ್ ಬಂದಮೇಲೆ ಆ ತೊಡಕು ಹೋಯಿತು. ಕೊಲ್ಹಾಪುರದ ಶಾಹೂ ಮಹಾರಾಜರು ಪ್ರತಿಯೊಂದು ಸಮಾಜವೂ ತನ್ನ ವಿದ್ಯಾರ್ಥಿ ನಿಲಯ ಕಟ್ಟಿಕೊಳ್ಳಲಿ ಎಂದು ಪ್ರೋತ್ಸಾಹ ಕೊಟ್ಟರು. 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗೂ ಜೈನ ವಿದ್ಯಾರ್ಥಿಗಳಿಗೂ ನಿಲಯಗಳು ಆರಂಭವಾದವು. ಮುಸಲ್ಮಾನರು, ಲಿಂಗಾಯತರು ಮುಂತಾದವರ ನಿಲಯಗಳು ಅನಂತರ ಬಂದವು. ಹೀಗೆ ಒಂದೇ ಊರಿನಲ್ಲಿ ಹಲವು ಬೋರ್ಡಿಂಗುಗಳಾದವು.

ಜೈನ ಬೋರ್ಡಿಂಗಿನ ಹೊಣೆ ಹೊತ್ತವರು ಅಣ್ಣಾಸಾಹೇಬ ಲಠ್ಠೆಯವರು. ಕುರುಂದವಾಡದ ಲಠ್ಠೆ ಮನೆತನದ ಇವರು ಎಂ.ಎ., ಎಲ್‌ಎಲ್.ಬಿ. ಮಾಡಿದ ವಿದ್ವಾಂಸರು, ಜೈನ ಸಭೆಯ ಬೆನ್ನೆಲುಬು. ಮುಂದೆ ಬೆಳಗಾವಿಯಲ್ಲಿ ವಕೀಲಿ ಮಾಡಿದರು, ಕೊಲ್ಹಾಪುರದ ದಿವಾನರಾದರು, 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಯೂ ಆದರು. ಬೋರ್ಡಿಂಗಿನಲ್ಲಿ ಅವರ ಶಿಸ್ತು ಎಂದರೆ ಶಿಸ್ತು. ಹೊತ್ತಿಗೆ ಸರಿಯಾಗಿ ಏಳುವುದು, ಜಿನದರ್ಶನ, ಓದು, ಮಡಿಯಲ್ಲಿ ಊಟ, ಹಗಲಿರುವಾಗಲೇ ಸಂಜೆಯ ಊಟ.

ಭಾವುರಾವ್ ಈ ಚೌಕಟ್ಟಿಗೆ ಹೊಂದುವ ಹುಡುಗನಾಗಿರಲಿಲ್ಲ. ಅಖಾಡಾ ಕರೆದರೆ ಪುಸ್ತಕ ಮರೆತುಹೋಗುತ್ತಿತ್ತು. ಗೆಳೆಯರ ಬಳಗ ದೊಡ್ಡದು, ಅದರಲ್ಲಿ ಎಲ್ಲ ಜಾತಿಯವರೂ ಇದ್ದರು. ಪರೀಕ್ಷೆಯಲ್ಲಿ ನಪಾಸಾಗುವುದು ಅಭ್ಯಾಸವೇ ಆಗಿಬಿಟ್ಟಿತು. ಗಣಿತವಂತೂ ಅವರಿಗೆ ಬದ್ಧವೈರಿ. ಒಮ್ಮೆ ಈ ಹುಡುಗನನ್ನು ಮುಂದಿನ ಇಯತ್ತೆಗೆ ಹಾಕಿಬಿಡಿ ಎಂದು ಸ್ವತಃ ಶಾಹೂ ಮಹಾರಾಜರೇ ಶಿಫಾರಸು ಮಾಡಿದರಂತೆ. ಗಣಿತದ ಮಾಸ್ತರರು ಅಂಜುವವರಲ್ಲ. ಬೇಕಾದರೆ ಪಾಟೀಲ ಕೂರುವ ಬೆಂಚನ್ನು ಮೇಲಿನ ಇಯತ್ತೆಗೆ ಕಳಿಸುತ್ತೇನೆ, ಪಾಟೀಲನನ್ನು ಮಾತ್ರ ಕಳಿಸಲಾರೆ ಎಂದು ಹೇಳಿ ಕಳಿಸಿದರು. ಈ ಪ್ರಸಂಗವನ್ನು ಮಹಾರಾಷ್ಟ್ರದಲ್ಲಿ ಇಂದಿಗೂ ನಗುನಗುತ್ತಾ ಹೇಳುತ್ತಾರೆ. ಮಹಾರಾಜರ ಮಾತಿಗೂ ಬಗ್ಗದ ಮಾಸ್ತರರನ್ನು ಭಾವುರಾವ್ ಕೊನೆಯವರೆಗೂ ಗೌರವದಿಂದಲೇ ಕಂಡರು.

ಓದಿನಲ್ಲಿ ಹಿಂದೆ ಬಿದ್ದರೂ ಬೋರ್ಡಿಂಗಿನಲ್ಲಿ ಹೇಗೋ ಮುಂದುವರಿಯಬಹುದಿತ್ತು. ಅಲ್ಲಿಂದ ಅವರನ್ನು ಹೊರಹಾಕಿದ್ದು ಬೇರೆಯೇ ಕಾರಣ.

1908ರಲ್ಲಿ ಕೊಲ್ಹಾಪುರದಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಒಂದು ವಿದ್ಯಾರ್ಥಿ ನಿಲಯ ತೆರೆಯಲಾಯಿತು. ಮುಂಬಯಿ ಗವರ್ನರರ ಮಗಳ ಹೆಸರಿನಲ್ಲಿ ಅದನ್ನು ಮಿಸ್ ಕ್ಲಾರ್ಕ್ ಹಾಸ್ಟೆಲ್ ಎಂದು ಕರೆದರು. ಭಾವುರಾವ್ ಆ ಸಮಾರಂಭಕ್ಕೆ ಹೋಗಿ ಬಂದರು. ಬೋರ್ಡಿಂಗಿಗೆ ಮರಳಿದಾಗ, ಅಸ್ಪೃಶ್ಯರ ನಡುವೆ ಕುಳಿತು ಬಂದವನು ಸ್ನಾನ ಮಾಡಿ ಶುದ್ಧನಾಗಿ ಒಳಗೆ ಬರಬೇಕು ಎಂದು ಹೇಳಲಾಯಿತು. ಅವರು ಒಪ್ಪಲಿಲ್ಲ. ಮೈಗೆ ಕೊಳೆ ಹತ್ತಿದ್ದರೆ ಹತ್ತು ಸಲ ಸ್ನಾನ ಮಾಡಬಹುದು. ಮನುಷ್ಯರ ಜತೆ ಕುಳಿತದ್ದಕ್ಕೆ ಸ್ನಾನ ಏಕೆ ಎಂಬುದು ಅವರ ಪಟ್ಟು. ಮಾತು ಬೆಳೆಯಿತು. ಲಠ್ಠೆಯವರು ನಿಯಮ ಮುರಿದ ಹುಡುಗನನ್ನು ಬೋರ್ಡಿಂಗಿನಿಂದ ಹೊರಗೆ ಹಾಕಿದರು.

ಇಲ್ಲಿ ಲಠ್ಠೆಯವರನ್ನು ಕೆಟ್ಟವರೆಂದು ಚಿತ್ರಿಸುವುದು ಸುಲಭ, ಆದರೆ ನ್ಯಾಯವಲ್ಲ. ಹತ್ತಾರು ಹಳ್ಳಿಗಳ ತಂದೆತಾಯಿಗಳು ಆಚಾರ ಕೆಡುವುದಿಲ್ಲ ಎಂಬ ಭರವಸೆಯ ಮೇಲೆ ಮಕ್ಕಳನ್ನು ಕಳಿಸಿದ್ದರು. ಆ ಭರವಸೆ ಒಡೆದರೆ ಬೋರ್ಡಿಂಗ್ ಖಾಲಿಯಾಗುತ್ತಿತ್ತು. ವಯಸ್ಸಿನಲ್ಲೂ ವಿದ್ಯೆಯಲ್ಲೂ ಹಿರಿಯರಾದ ಅವರು ಸಂಸ್ಥೆಯನ್ನು ನೋಡಿದರು. ಇಪ್ಪತ್ತರ ಹುಡುಗ ಮನುಷ್ಯನನ್ನು ನೋಡಿದ. ಜಾತಿ, ಜನ್ಮಗಳ ಮೇಲು ಕೀಳನ್ನು ಒಪ್ಪದ ಭಗವಾನರ ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಜಾಗವಿತ್ತು ಎಂದು ಶಾಸ್ತ್ರ ಕೇಳಿ ಬೆಳೆದ ಸಮಾಜ, ಊರಿನವರ ನಡುವೆ ಬಾಳುತ್ತಾ ಊರಿನ ಮೈಲಿಗೆಯನ್ನೂ ತನ್ನದು ಮಾಡಿಕೊಂಡಿತ್ತು. ಅದನ್ನು ಒಪ್ಪಿಕೊಳ್ಳಲೇಬೇಕು.

ಬೋರ್ಡಿಂಗ್ ಬಿಟ್ಟ ಭಾವುರಾವ್‌ಗೆ ಶಾಹೂ ಮಹಾರಾಜರ ಆಶ್ರಯ ಸಿಕ್ಕಿತು. ಮಹಾರಾಜರ ಬಳಿ ಇದ್ದ ಆ ದಿನಗಳಲ್ಲಿ ಅವರು ಕಲಿತದ್ದು ಶಾಲೆಯಲ್ಲಿ ಕಲಿತದ್ದಕ್ಕಿಂತ ಹೆಚ್ಚು ಎನ್ನಬೇಕು. ಹಿಂದುಳಿದವರ ಶಿಕ್ಷಣ ಎಂದರೆ ಏನು, ಅದಕ್ಕೆ ಅಡ್ಡ ಬರುವುದು ಏನು ಎಂಬುದನ್ನು ಕಣ್ಣಾರೆ ಕಂಡರು. ಶಾಲೆಯ ಓದು ಮಾತ್ರ ಮುಂದೆ ಸಾಗಲಿಲ್ಲ. 1909ರ ಹೊತ್ತಿಗೆ ಕೊಲ್ಹಾಪುರ ಬಿಟ್ಟರು.

ಓದಿ ಸಾಹೇಬನಾಗಬೇಕಿದ್ದ ಮಗ ನಪಾಸಾಗಿ, ಬೋರ್ಡಿಂಗಿನಿಂದಲೂ ಹೊರಬಿದ್ದು ಮನೆಗೆ ಬಂದರೆ ಯಾವ ತಂದೆಗೆ ಸಮಾಧಾನವಾಗುತ್ತದೆ? ಕುಂಭೋಜದ ಸ್ಥಿತಿವಂತ ಮನೆತನದ ಹೆಣ್ಣು ಲಕ್ಷ್ಮೀಬಾಯಿಯವರೊಂದಿಗೆ ಮದುವೆಯಾಯಿತು. ಸಂಸಾರ ಬಂತು, ಸಂಪಾದನೆ ಇಲ್ಲ. ಕೊನೆಗೆ ಸಾತಾರಾ ಶಹರಕ್ಕೆ ಬಂದು ಮನೆಪಾಠ ಹೇಳತೊಡಗಿದರು. ಗಣಿತದಲ್ಲಿ ಕೂತ ಬೆಂಚು ಬಿಟ್ಟೇಳದ ವಿದ್ಯಾರ್ಥಿ ಇಂಗ್ಲಿಷ್, ಸಂಸ್ಕೃತ, ಗಣಿತ ಕಲಿಸುವ ಪಾಟೀಲ ಮಾಸ್ತರ್ ಎಂದು ಹೆಸರಾದರು. ತಮಗೆ ಅರ್ಥವಾಗದೆ ಒದ್ದಾಡಿದವರಿಗೆ ಇನ್ನೊಬ್ಬರ ಒದ್ದಾಟ ಬೇಗ ತಿಳಿಯುತ್ತದೆ; ಅವರ ಮನೆಪಾಠ ಚೆನ್ನಾಗಿ ನಡೆಯಿತು.

ಇದೇ ಸುಮಾರಿಗೆ ನಡೆದ ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಶಾಲೆಯ ಕೋಣೆಯ ಹೊರಗೆ ಕುಳಿತು ಪಾಠ ಕೇಳುತ್ತಿದ್ದ ಒಬ್ಬ ದಲಿತ ಹುಡುಗನನ್ನು ಭಾವುರಾವ್ ಕಂಡರು. ಅವನನ್ನು ಮನೆಗೆ ಕರೆತಂದು ಉಣಬಡಿಸಿ, ಕೊಲ್ಹಾಪುರಕ್ಕೆ ಕರೆದೊಯ್ದು ಮಿಸ್ ಕ್ಲಾರ್ಕ್ ಹಾಸ್ಟೆಲಿಗೆ ಸೇರಿಸಿದರು. ಯಾವ ನಿಲಯದ ಸಮಾರಂಭಕ್ಕೆ ಹೋಗಿ ತಮ್ಮ ಜಾಗ ಕಳೆದುಕೊಂಡಿದ್ದರೋ ಅದೇ ನಿಲಯ. ಆ ಹುಡುಗ ಜ್ಞಾನದೇವ ಘೋಲಪ. ಮುಂದೆ ಡಾ. ಅಂಬೇಡ್ಕರರ ಮೂಕನಾಯಕ ಪತ್ರಿಕೆಯ ಸಂಪಾದಕರಾದರು.

1910ರ ಸುಮಾರಿಗೆ ಗೆಳೆಯರ ಜತೆಗೂಡಿ ವಾರಣಾ ನದಿ ಸೀಮೆಯ ದುಧಗಾಂವದಲ್ಲಿ ಒಂದು ವಿದ್ಯಾರ್ಥಿ ಆಶ್ರಮ ನಡೆಸಿದರು. ಎಲ್ಲ ಸಮಾಜದ ಮಕ್ಕಳೂ ಒಟ್ಟಿಗೆ ಇರಬೇಕು ಎಂಬ ಯೋಚನೆಗೆ ಮೊದಲು ರೂಪ ಬಂದದ್ದು ಅಲ್ಲಿ. ಹಳ್ಳಿಯ ಜೈನ ರೈತರು ಇದಕ್ಕೆ ಸಹಾಯ ಮಾಡಿದರು ಎಂಬುದನ್ನು ಇಂದಿನವರು ತಿಳಿದಿರಬೇಕು.

ಆಮೇಲೆ ಬಂದದ್ದು 1914ರ ಡಾಂಬರು ಪ್ರಕರಣ. ಕೊಲ್ಹಾಪುರದಲ್ಲಿ ಬ್ರಿಟಿಷ್ ರಾಜಮನೆತನದವರ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಆ ವೇಳೆಗೆ ಲಠ್ಠೆಯವರಿಗೂ ಸಂಸ್ಥಾನದ ಅಧಿಕಾರಿಗಳಿಗೂ ಸರಿ ಇರಲಿಲ್ಲ. ಅನುಮಾನವನ್ನು ಅವರ ಮೇಲೆ ತಿರುಗಿಸಲಾಯಿತು. ಅವರ ವಿರುದ್ಧ ಸಾಕ್ಷಿ ಹೇಳಲು ಪೊಲೀಸರು ಹುಡುಕಿದ್ದು ಭಾವುರಾವ್ ಅವರನ್ನು. ಲೆಕ್ಕಾಚಾರ ಸ್ಪಷ್ಟ: ಲಠ್ಠೆಯವರು ಬೋರ್ಡಿಂಗಿನಿಂದ ಓಡಿಸಿದ ಹುಡುಗ, ಮನಸ್ಸಿನಲ್ಲಿ ಸೇಡು ಇದ್ದೇ ಇರುತ್ತದೆ, ಹೇಳಿದಂತೆ ಹೇಳುತ್ತಾನೆ. ಭಾವುರಾವ್ ಸುಳ್ಳು ಸಾಕ್ಷಿ ಹೇಳಲಿಲ್ಲ. ಅವರ ಮೇಲೆಯೇ ಬೇರೆ ಆರೋಪ ಹೊರಿಸಿ ಬಂಧಿಸಿದರು, ಹಿಂಸೆ ಕೊಟ್ಟರು. ಸುಳ್ಳು ಹೇಳಿ ಬದುಕುವುದಕ್ಕಿಂತ ಸಾಯುವುದೇ ಮೇಲು ಎಂದು ಬಂಧನದಲ್ಲಿ ಪ್ರಾಣ ಕಳೆದುಕೊಳ್ಳಲೂ ಮುಂದಾಗಿದ್ದರು. ಮನೆಯವರು ಪಟ್ಟ ಸಂಕಟ ಹೇಳತೀರದು. ಕಡೆಗೆ ಬಿಡುಗಡೆಯಾಯಿತು. ಲಠ್ಠೆಯವರು ಕೊಲ್ಹಾಪುರ ಬಿಟ್ಟು ಬೆಳಗಾವಿಗೆ ಬಂದರು. ಒಂದು ಸ್ನಾನದ ವಿಷಯಕ್ಕೆ ಮುರಿದ ಗುರುಶಿಷ್ಯರ ಸಂಬಂಧ ಈ ಪ್ರಕರಣದಿಂದ ಮತ್ತೆ ಗಟ್ಟಿಯಾಯಿತು.

ಹೊಟ್ಟೆಪಾಡಿಗೆ ಅನಂತರ ಅವರು ಮಾಡಿದ್ದು ಮಾರಾಟದ ಕೆಲಸ. ಓಗಲೆಯವರ ಗಾಜಿನ ಕಾರ್ಖಾನೆಯ ಮಾಲು ಮಾರಿದರು. ಕಿರ್ಲೋಸ್ಕರರ ಕಬ್ಬಿಣದ ನೇಗಿಲನ್ನು ಊರೂರಿಗೆ ಒಯ್ದು ರೈತರಿಗೆ ಒಪ್ಪಿಸಿದರು. ಮರದ ನೇಗಿಲಿಗೆ ಹೊಂದಿಕೊಂಡ ರೈತನಿಗೆ ಕಬ್ಬಿಣದ್ದನ್ನು ಮಾರುವುದು ಸಣ್ಣ ಮಾತಲ್ಲ. ಗಿರಾಕಿಯ ಕಟ್ಟೆಯ ಮೇಲೆ ಕುಳಿತು ಅವನ ಮನೆಯ ಕಷ್ಟಸುಖ ಕೇಳಿದವನಿಗೆ ಮಾತ್ರ ಅದು ಸಾಧ್ಯ. ಹೀಗೆ ಕೇಳುತ್ತಾ ಹೋದಾಗ ಪ್ರತಿಯೊಂದು ಊರಿನಲ್ಲೂ ಒಂದೇ ಕಥೆ. ಸಾಲದ ಪತ್ರದಲ್ಲಿ ಏನು ಬರೆದಿದೆ ಎಂದು ಓದಲಾರದ ರೈತ, ಬುದ್ಧಿವಂತ ಮಗ, ಹತ್ತು ಹದಿನೈದು ಮೈಲಿಯೊಳಗೆ ಹೈಸ್ಕೂಲಿಲ್ಲ, ಶಹರದಲ್ಲಿ ಇರಲು ಜಾಗವಿಲ್ಲ. ರಯತ ಶಿಕ್ಷಣ ಸಂಸ್ಥೆಯ ಬೀಜ ಈ ತಿರುಗಾಟದಲ್ಲಿದೆ. 1919ರ ಅಕ್ಟೋಬರ್ 4ರಂದು ಕರಾಡ ತಾಲೂಕಿನ ಕಾಲೆ ಎಂಬ ಹಳ್ಳಿಯಲ್ಲಿ ಸಂಸ್ಥೆ ಹುಟ್ಟಿತು. 1924ರಲ್ಲಿ ಅದು ಸಾತಾರಾಕ್ಕೆ ಬಂತು.

ಸಾತಾರಾದಲ್ಲಿ ಬೋರ್ಡಿಂಗ್ ಎಂದರೆ ಮೊದಲಿಗೆ ಭಾವುರಾವ್ ಅವರ ಸಂಸಾರವೇ. ಊರೂರು ತಿರುಗಿ ಬರುವಾಗ ಜತೆಗೆ ಒಂದಿಬ್ಬರು ಹುಡುಗರು. ಮರಾಠಾ, ಮಾಂಗ್, ಮಹಾರ್, ಮುಸಲ್ಮಾನ, ಜೈನ, ಯಾವ ಜಾತಿಯಾದರೂ ಸರಿ. ಕೊಲ್ಹಾಪುರದಲ್ಲಿ ಪ್ರತಿ ಸಮಾಜಕ್ಕೂ ಒಂದೊಂದು ನಿಲಯವಿತ್ತು, ಅದರಿಂದ ಉಪಕಾರವೂ ಆಗಿತ್ತು. ಆದರೆ ಒಂದು ನಿಲಯದ ಹುಡುಗ ಇನ್ನೊಂದು ನಿಲಯಕ್ಕೆ ಹೋಗಿ ಬಂದರೆ ಮೈತೊಳೆಯಬೇಕು ಎಂಬ ಸ್ಥಿತಿಯನ್ನು ಇವರು ಅನುಭವಿಸಿದ್ದರು. ಇಲ್ಲಿ ಒಲೆ ಒಂದೇ, ಪಂಕ್ತಿ ಒಂದೇ.

ಹೇಳಲು ಇದು ಸರಳ. ನಡೆಸಿದವರು ಲಕ್ಷ್ಮೀಬಾಯಿ. ಸ್ಥಿತಿವಂತರ ಮನೆಯಲ್ಲಿ ಮಡಿಮೈಲಿಗೆಯ ನಡುವೆ ಬೆಳೆದ ಜೈನ ಹೆಣ್ಣುಮಗಳಿಗೆ ಮೊದಮೊದಲು ಇದು ಸುಲಭವಾಗಿರಲಿಲ್ಲ. ಗಂಡನ ಹಟಕ್ಕೆ ಹೆಂಡತಿ ತಲೆಬಾಗಿದಳು ಎಂದು ಹೇಳಿಬಿಡುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ತಾಯಿಯನ್ನು ಬಿಟ್ಟು ಬಂದ ಎಂಟು ಹತ್ತು ವರ್ಷದ ಮಕ್ಕಳು ರಾತ್ರಿ ಅಳುವಾಗ ಅವರ ಜಾತಿ ಯಾವುದು ಎಂದು ಎಷ್ಟು ದಿನ ಕೇಳಲಾದೀತು? ತಲೆ ಬಾಚುವುದು, ಸ್ನಾನ ಮಾಡಿಸುವುದು, ಜ್ವರ ಬಂದರೆ ರಾತ್ರಿಯೆಲ್ಲ ಪಕ್ಕದಲ್ಲಿ ಕೂರುವುದು, ಎಲ್ಲವೂ ಅವರ ಪಾಲಿಗೆ ಬಂತು. ಅವರ ಸ್ವಂತ ಮಗನೂ ಉಳಿದ ಹುಡುಗರಂತೆಯೇ ಬೆಳೆದ.

ಆದಾಯ ಎನ್ನುವಂಥದ್ದು ಏನೂ ಇರಲಿಲ್ಲ. ಹಳ್ಳಿಯವರು ಕಾಳು ಕೊಡುತ್ತಿದ್ದರು. ಹೆಣ್ಣುಮಕ್ಕಳು ದಿನಾ ಅಡುಗೆಗೆ ಮೊದಲು ಒಂದು ಹಿಡಿ ಕಾಳು ತೆಗೆದಿಡಬೇಕೆಂಬ ಮುಷ್ಟಿ ಫಂಡಿನ ಪದ್ಧತಿಯನ್ನು ಭಾವುರಾವ್ ರೂಢಿಗೆ ತಂದರು. ಒಂದು ಹಿಡಿ ಯಾರಿಗೂ ಭಾರವಲ್ಲ, ನೂರು ಮನೆ ಸೇರಿದರೆ ಚೀಲ ತುಂಬುತ್ತದೆ. ಅದೂ ಸಾಲದಾದಾಗ ಲಕ್ಷ್ಮೀಬಾಯಿಯವರ ತವರಿನ ಒಡವೆಗಳು ಒಂದೊಂದಾಗಿ ಹೊರಬಿದ್ದವು. ಬಳೆ ಹೋಯಿತು, ಸರ ಹೋಯಿತು. ಒಂದು ದಿನ ಭಾವುರಾವ್ ಊರಿನಲ್ಲಿಲ್ಲ, ಉಗ್ರಾಣದಲ್ಲಿ ಕಾಳಿಲ್ಲ, ಹುಡುಗರು ಹಸಿದಿದ್ದಾರೆ. ಉಳಿದದ್ದು ಕೊರಳಿನ ಮಂಗಳಸೂತ್ರ. ಅದನ್ನೂ ಬಿಚ್ಚಿ ಕೊಟ್ಟು ದಿನಸಿ ತರಿಸಿದರು. ಗಂಡ ಬದುಕಿರುವಾಗ ಮಂಗಳಸೂತ್ರ ಬಿಚ್ಚುವುದು ಆ ಕಾಲದ ಹೆಣ್ಣಿಗೆ ಎಂಥ ಮಾತು ಎಂಬುದನ್ನು ಮನೆಯ ಹಿರಿಯ ಹೆಂಗಸರನ್ನು ಕೇಳಿ ತಿಳಿಯಬೇಕು. ಆಹಾರದಾನ, ಶಾಸ್ತ್ರದಾನ, ಔಷಧದಾನ, ಅಭಯದಾನ ಎಂದು ನಾಲ್ಕು ದಾನಗಳನ್ನು ಹೇಳುತ್ತಾರೆ. ಈ ತಾಯಿಯ ಅಡುಗೆಮನೆಯಲ್ಲಿ ನಾಲ್ಕೂ ನಡೆದವು, ಫಲಕದಲ್ಲಿ ಹೆಸರು ಕೆತ್ತಿಸದೆ.

ಬೋರ್ಡಿಂಗಿನ ದಿನಚರಿಯಲ್ಲಿ ಆಳುಕಾಳಿಗೆ ಜಾಗವಿರಲಿಲ್ಲ. ನೀರು ತರುವುದು, ಕಟ್ಟಿಗೆ ತರುವುದು, ಕಾಳು ಹಸನು ಮಾಡುವುದು, ರೊಟ್ಟಿ ಬಡಿಯುವುದು, ಕಸ ಗುಡಿಸುವುದು ಎಲ್ಲವೂ ಹುಡುಗರದೇ, ಸರದಿಯ ಮೇಲೆ. ಊಟಕ್ಕೆ ರೊಟ್ಟಿ, ಬೇಳೆ. ಹಳ್ಳಿಯ ಹುಡುಗರಿಗೆ ಕೆಲಸ ಹೊಸದಲ್ಲ. ಹೊಸದು ಏನೆಂದರೆ, ಊರಿನಲ್ಲಿ ಹೊಸ್ತಿಲು ದಾಟಲು ಬಿಡದವರ ಮಗನೂ ತಾನೂ ಒಂದೇ ಪರಾತದ ಹಿಟ್ಟು ನಾದುವುದು. ರಜೆಯಲ್ಲಿ ಊರಿಗೆ ಹೋದ ಹುಡುಗನನ್ನು ಮನೆಯವರು ಏನೇನು ಕೇಳಿರಬಹುದು, ಅವನು ಏನೇನು ಮುಚ್ಚಿಟ್ಟಿರಬಹುದು! ಭಾವುರಾವ್ ಎಲ್ಲರಿಗೂ ಅಣ್ಣಾ. ಖಾದಿ ಬಟ್ಟೆ, ಉದ್ದ ಗಡ್ಡ, ಬರಿಗಾಲು, ಎತ್ತರದ ಆಳು. ಓದದವನಿಗೆ ಬೈಗುಳ ತಪ್ಪದು. ಆದರೆ ನಪಾಸಾದವನನ್ನು ಮನೆಗೆ ಕಳಿಸುವ ಆತುರ ಅವರಿಗೆ ಇರಲಿಲ್ಲ. ಅದರ ರುಚಿ ಅವರೇ ಉಂಡಿದ್ದರಲ್ಲ.

1927ರ ಫೆಬ್ರವರಿ 25ರಂದು ಮಹಾತ್ಮಾ ಗಾಂಧಿಯವರು ಸಾತಾರಾಕ್ಕೆ ಬಂದು ಈ ನಿಲಯಕ್ಕೆ ಶ್ರೀ ಛತ್ರಪತಿ ಶಾಹೂ ಬೋರ್ಡಿಂಗ್ ಹೌಸ್ ಎಂದು ಹೆಸರಿಟ್ಟರು. ಎಲ್ಲ ಜಾತಿಯ ಮಕ್ಕಳೂ ಕೂಡಿ ಅಡುಗೆ ಮಾಡಿ ಉಣ್ಣುವುದನ್ನು ಕಂಡು ಸಂತೋಷಪಟ್ಟರು. ಭಾವುರಾವ್ ಪಾಲಿಗೆ ಅದು ದೊಡ್ಡ ದಿನ. ತಮಗೆ ಆಶ್ರಯ ಕೊಟ್ಟ ಮಹಾರಾಜರು ತೀರಿಕೊಂಡು ಆಗಲೇ ಐದು ವರ್ಷವಾಗುತ್ತಾ ಬಂದಿತ್ತು.

1930ರಲ್ಲಿ ಲಕ್ಷ್ಮೀಬಾಯಿ ತೀರಿಕೊಂಡರು. ಮಕ್ಕಳು ಇನ್ನೊಮ್ಮೆ ತಾಯಿ ಇಲ್ಲದವರಾದರು. ಅವರು ಕಂಡದ್ದು ಕಷ್ಟದ ವರ್ಷಗಳನ್ನು ಮಾತ್ರ. ಹೈಸ್ಕೂಲು, ಕಾಲೇಜು, ಬಿರುದು ಇವೆಲ್ಲ ಬಂದದ್ದು ಅವರು ಹೋದ ಮೇಲೆ.

1935ರಲ್ಲಿ ಶಿಕ್ಷಕರ ತರಬೇತಿ ಕಾಲೇಜು, 1940ರಲ್ಲಿ ಬಡೋದೆಯ ಸಯಾಜಿರಾವ್ ಮಹಾರಾಜರ ಹೆಸರಿನ ಹೈಸ್ಕೂಲು ಸಾತಾರಾದಲ್ಲಿ ಆರಂಭವಾದವು. ಹೈಸ್ಕೂಲಿನಲ್ಲಿ ಫೀ ಇರಲಿಲ್ಲ, ಹುಡುಗರು ದುಡಿದು ಉಣ್ಣುತ್ತಿದ್ದರು. ಅಲ್ಲಿ ಪಾಸಾದವರು ಮುಂದೆ ಎಲ್ಲಿಗೆ ಹೋಗಬೇಕು? ಕಾಲೇಜೆಂದರೆ ಪುಣೆ, ಕೊಲ್ಹಾಪುರದಂಥ ಶಹರ, ಫೀ ಮತ್ತು ಊಟದ ಖರ್ಚು ಕೇಳಿಯೇ ರೈತರು ಕೈ ಚೆಲ್ಲುತ್ತಿದ್ದರು. 1947ರಲ್ಲಿ ಸಾತಾರಾದಲ್ಲಿ ಛತ್ರಪತಿ ಶಿವಾಜಿ ಕಾಲೇಜು ತೆರೆದದ್ದು ಇಂಥವರಿಗಾಗಿ. ದುಡಿ, ಕಲಿ ಎಂಬ ಯೋಜನೆ ಇಲ್ಲಿ ಕಾಲೇಜಿನ ಮಟ್ಟಕ್ಕೆ ಏರಿತು.

ಈ ಕಾಲೇಜಿನ ಹುಡುಗನ ದಿನ ಬೇರೆ ಕಾಲೇಜುಗಳಂತೆ ಇರಲಿಲ್ಲ. ಕೈಯಲ್ಲಿ ಪುಸ್ತಕ ಹಿಡಿಯುವ ಮೊದಲು ಗುದ್ದಲಿ ಹಿಡಿಯಬೇಕು. ಕಲ್ಲುಭೂಮಿಯನ್ನು ಅಗೆದು ಸಮ ಮಾಡಿ ಹೊಲ ಮಾಡಿದರು, ಕಟ್ಟಡಕ್ಕೆ ಕಲ್ಲು ಹೊತ್ತರು, ಗಿಡ ನೆಟ್ಟರು. ದುಡಿದ ಗಂಟೆಗಳ ಲೆಕ್ಕ ಅವನ ಊಟ ಮತ್ತು ಶಿಕ್ಷಣದ ಖರ್ಚಿಗೆ ಜಮೆ. ಕೆಲಸ ಮುಗಿಸಿ ಸ್ನಾನ ಮಾಡಿ ತರಗತಿಗೆ ಹೋದರೆ ಅಲ್ಲಿ ಷೇಕ್ಸ್‌ಪಿಯರ್, ಅರ್ಥಶಾಸ್ತ್ರ, ಬೀಜಗಣಿತ. ಪುಣೆಯಿಂದ ಬರುವ ಕೆಲವರಿಗೆ ಇದು ನಗೆಪಾಟಲಾಗಿ ಕಂಡಿದ್ದರೂ ಇರಬಹುದು. ಮನೆಯಿಂದ ಮನಿಆರ್ಡರ್ ಬರಲಿ ಎಂದು ಕಾಯಬೇಕಿಲ್ಲದ ಹುಡುಗನಿಗೆ, ತಂದೆಯನ್ನು ಸಾಲಕ್ಕೆ ನೂಕದೆ ಓದಿದೆ ಎಂಬ ನೆಮ್ಮದಿ ಇರುತ್ತದೆ. ಫೀ ಕಟ್ಟಲಾರದೆ ಮಕ್ಕಳ ಓದು ಬಿಡಿಸಿದ ಮನೆಗಳಿಗೆ ಅದರ ಬೆಲೆ ಗೊತ್ತು. ಎಪ್ಪತ್ತು ಎಂಬತ್ತು ಲಕ್ಷದ ಸೀಟುಗಳ ಮಾತು ನಡೆಯುವ ಇಂದಿನ ದಿನಗಳಲ್ಲಿ ಇದನ್ನೆಲ್ಲ ನಂಬುವುದೇ ಕಷ್ಟ.

1948ರಲ್ಲಿ ದೊಡ್ಡ ಪೆಟ್ಟು ಬಿತ್ತು. ಭಾವುರಾವ್ ಆಡಿದ ಖಾರವಾದ ಮಾತುಗಳಿಂದ ಅಧಿಕಾರದಲ್ಲಿದ್ದವರು ಸಿಟ್ಟಾದರು, ಸಂಸ್ಥೆಯ ಸರಕಾರಿ ಅನುದಾನ ನಿಂತುಹೋಯಿತು. ಮಾತಿನಲ್ಲಿ ಹಿಡಿತ ಇಲ್ಲದ್ದು ಅವರ ಸ್ವಭಾವದ ಒಂದು ದೋಷವೇ ಸರಿ. ಅದರ ಬೆಲೆಯನ್ನು ಮಕ್ಕಳು ತೆರಬೇಕಾಯಿತು. ಆದರೆ ಶಾಲೆಗಳು ಮುಚ್ಚಲಿಲ್ಲ. ಶಿಕ್ಷಕರು ಸಂಬಳಕ್ಕೆ ಕಾದರು, ಹಳ್ಳಿಗಳು ಕಾಳು ಕೊಟ್ಟವು, ಊರೂರು ಗುಡಿಸಿ ಕೀರ್ತನೆ ಹೇಳುತ್ತಿದ್ದ ಸಂತ ಗಾಡಗೆ ಮಹಾರಾಜರು ಬೆಂಬಲಕ್ಕೆ ನಿಂತರು. ಕೊನೆಗೆ ಅನುದಾನ ಮತ್ತೆ ಬಂತು. 1954ರಲ್ಲಿ ಕರಾಡದಲ್ಲಿ ಎರಡನೆಯ ಕಾಲೇಜು ತೆರೆದಾಗ ಭಾವುರಾವ್ ಅದಕ್ಕೆ ಸದ್ಗುರು ಗಾಡಗೆ ಮಹಾರಾಜರ ಹೆಸರಿಟ್ಟರು. ಶಾಲೆಯ ಮೆಟ್ಟಿಲು ಹತ್ತದ ಸಂತನ ಹೆಸರಿನ ಕಾಲೇಜು, ಮೆಟ್ರಿಕ್ ಆಗದವನು ಕಟ್ಟಿಸಿದ್ದು.

1959ರಲ್ಲಿ ಭಾರತ ಸರಕಾರ ಪದ್ಮಭೂಷಣ ಕೊಟ್ಟಿತು, ಪುಣೆ ವಿಶ್ವವಿದ್ಯಾಲಯ ಗೌರವ ಡಿ.ಲಿಟ್. ನೀಡಿತು. ಆಗ ಅವರು ಹಾಸಿಗೆ ಹಿಡಿದಿದ್ದರು. ಅದೇ ವರ್ಷ ಮೇ 9ರಂದು ಪುಣೆಯಲ್ಲಿ ಕೊನೆಯುಸಿರೆಳೆದರು.

ಸಾತಾರಾದ ಬೋರ್ಡಿಂಗಿನಲ್ಲಿ ಬೆಳೆದ ಬಡ ಹುಡುಗರಲ್ಲಿ ಪಿ. ಜಿ. ಪಾಟೀಲ ಎಂಬುವರೂ ಒಬ್ಬರು. ಅವರು ಮುಂದೆ ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದರು, ಸಂಸ್ಥೆಯ ಕೆಲಸಕ್ಕೇ ನಿಂತರು, ಕೊನೆಗೆ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಯಾದರು. ಆ ವಿಶ್ವವಿದ್ಯಾಲಯ ಇರುವುದು ಕೊಲ್ಹಾಪುರದಲ್ಲಿ.